ಅಪ್ಪನ ಬಲಗೈ ಎದ್ದ ಸಂಜೆ

ಅಪ್ಪನ ಬಲಗೈ ಎದ್ದಿದ್ದನ್ನು ನಾನು ನೋಡಿದೆ. ಇಷ್ಟನ್ನು ಮಾತ್ರ ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಸ್ಟ್ರೋಕ್ ಆದಾಗಿನಿಂದ ತೊಡೆಯ ಪಕ್ಕದಲ್ಲಿ ಯಾರೋ ಇಟ್ಟು ಮರೆತುಹೋದ ವಸ್ತುವಿನ ಹಾಗೆ ಬಿದ್ದಿರುತ್ತಿದ್ದ ಕೈ, ಮೊಣಕೈಯಲ್ಲಿ ಮಡಚಿಕೊಂಡು, ಬೆರಳು ಮುದುಡಿಕೊಂಡೇ ಎದೆಯ ಮೇಲಕ್ಕೆ ಬಂತು, ಅಲ್ಲಿಂದ ಗಲ್ಲದ ಎತ್ತರಕ್ಕೆ ಹೋಯಿತು. ಒಂದು ಗಳಿಗೆ ಅಲ್ಲೇ ನಿಂತು ಆಮೇಲೆ ಇಳಿಯಿತು. ಮಂಚದ ಪಕ್ಕ ಪ್ರಾರ್ಥನೆ ಮಾಡುತ್ತಿದ್ದ ಅಮ್ಮ ಕಣ್ಣು ತೆರೆದದ್ದು ಅದು ನಿಂತಿದ್ದಾಗ.

ಇದನ್ನು ಬರೆಯಲು ಕೂತಾಗಲೆಲ್ಲ ಕಿಟಕಿಯಿಂದ ಸಂಜೆಯ ಬೆಳಕು ಆ ಕೈಯ ಮೇಲೆ ಬೀಳುತ್ತದೆ. ಆ ಬೆಳಕು ನಾನು ತಂದು ಹಾಕಿದ್ದು. ಚಾಮರಾಜಪೇಟೆಯ ನಮ್ಮ ಮನೆಯ ಆ ಕಿಟಕಿ ಪಕ್ಕದವರ ಗೋಡೆಗೆ ತೆರೆಯುತ್ತದೆ. ಅಲ್ಲಿಂದ ಬಿಸಿಲು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಉರಿಯುತ್ತಿದ್ದದ್ದು ಟ್ಯೂಬ್‌ಲೈಟು. ಹಾಗಂತ ತಿದ್ದಿ ಎದ್ದುಹೋಗುತ್ತೇನೆ. ಮತ್ತೆ ಬಂದು ಓದಿದರೆ ಬೆಳಕು ವಾಪಸ್ ಬಂದು ಕೂತಿರುತ್ತದೆ. ಆದ್ದರಿಂದ ಇಲ್ಲಿ ಎಲ್ಲಾದರೂ ಬೆಳಕು ಬಂದರೆ ನಂಬಬೇಡಿ. ಕೈಯನ್ನು ನಂಬಿ.

ಆ ಕೈಗಾಗಿ ಅಮ್ಮ ಯಾಕೆ ಕಾಯುತ್ತಿದ್ದಳು ಎನ್ನುವುದಕ್ಕೆ ಹಿಂದಕ್ಕೆ ಹೋಗಬೇಕು.

ಅಪ್ಪ ಹುಟ್ಟು ಕ್ರೈಸ್ತ. ಅಜ್ಜನ ಕಾಲದಿಂದ ಹಳೆಯ ಕನ್ನಡ ಚರ್ಚಿನವರು. ಹಸುಗೂಸಾಗಿದ್ದಾಗ ಹಣೆಗೆ ನೀರು ಮುಟ್ಟಿಸಿ ದೀಕ್ಷಾಸ್ನಾನ, ಮೀಸೆ ಮೂಡುವ ಹೊತ್ತಿಗೆ ಆ ನಂಬಿಕೆಯನ್ನು ತಾನೇ ಬಾಯಿಬಿಟ್ಟು ಒಪ್ಪಿಕೊಳ್ಳುವ ದೃಢೀಕರಣ, ಆಮೇಲೆ ಪ್ರತಿ ಭಾನುವಾರ ಅದೇ ಬೆಂಚಿನ ಅದೇ ತುದಿ. ಮಲ್ಲೇಶ್ವರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ, ಮತ್ತಿಕೆರೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದ. ಅಮ್ಮ ಮಾರ್ಕೆಟ್ಟಿನ ಹೊರಗೆ ತನ್ನ ಅಪ್ಪನ ಜೊತೆ ತರಕಾರಿ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ ಹಿಂದೂ ಹುಡುಗಿ. ಸ್ಟವ್ ಕೂಡ ಇಲ್ಲದ ರೂಮಿನ ಮನುಷ್ಯ ದಿನಾ ಬದನೆಕಾಯಿ ಕೊಳ್ಳುತ್ತಿದ್ದ ಎನ್ನುವುದು ನಮ್ಮ ಮನೆಯ ಪುರಾಣ. ಮದುವೆಗೆಂದು ಅಮ್ಮ ಅಪ್ಪನ ಚರ್ಚಿನಲ್ಲಿ ತಲೆಗೆ ನೀರು ಹಾಕಿಸಿಕೊಂಡಳು. ಅವಳ ಮನೆಯವರು ಅವತ್ತಿನಿಂದ ಮಾತು ಬಿಟ್ಟರು.

"ಅದು ಬರೀ ನೀರು," ಎನ್ನುತ್ತಾಳೆ ಅಮ್ಮ. ಅವಳ ಲೆಕ್ಕದಲ್ಲಿ ಅವಳಿಗೆ ರಕ್ಷಣೆ, ಎಂದರೆ ಪಾಪ ಕಳೆದು ಸ್ವರ್ಗ ಸೇರುವ ಭರವಸೆ, ಸಿಕ್ಕಿದ್ದು ನಾನು ಸಣ್ಣವಳಿದ್ದಾಗ, ಬಿನ್ನಿಪೇಟೆ ಕಡೆಯ ಒಂದು ಮೈದಾನದ ಶಾಮಿಯಾನದಡಿ ನಡೆದ ಉಜ್ಜೀವನ ಕೂಟದಲ್ಲಿ. ಅಂಥ ಕೂಟಗಳಲ್ಲಿ ಒಂದು ಪದ್ಧತಿ ಇದೆ. ಪ್ರಸಂಗ ಮುಗಿದ ಮೇಲೆ ಬೋಧಕರು ಎಲ್ಲರಿಗೂ ತಲೆ ಬಗ್ಗಿಸಿ ಕಣ್ಣು ಮುಚ್ಚಲು ಹೇಳುತ್ತಾರೆ. ಯಾರೂ ಅಕ್ಕಪಕ್ಕ ನೋಡಬಾರದು. ಯೇಸುವನ್ನು ಸ್ವೀಕರಿಸುವವರು ಕೂತಲ್ಲೇ ಕೈ ಎತ್ತಬೇಕು. ಎತ್ತಿದ ಕೈಯನ್ನು ವೇದಿಕೆಯ ಮೇಲಿನವರು ಮಾತ್ರ ನೋಡುತ್ತಾರೆ. ಅಮ್ಮ ಇದನ್ನು ಸಾಕ್ಷಿ ಹೇಳುವಾಗ, ಅಂದರೆ ತನಗೆ ರಕ್ಷಣೆ ಸಿಕ್ಕ ಕಥೆಯನ್ನು ಸಭೆಯ ಮುಂದೆ ನಿಂತು ಹೇಳುವಾಗ, ಈ ಜಾಗಕ್ಕೆ ಬಂದಾಗ ದನಿ ತಗ್ಗಿಸುತ್ತಾಳೆ. "ಕೈ ನಾನು ಎತ್ತಲಿಲ್ಲ. ನೋಡ್ತಾ ನೋಡ್ತಾ ತಾನಾಗಿ ಎದ್ದುಬಿಡ್ತು."

ಕಣ್ಣು ಮುಚ್ಚಿಕೊಂಡು ನೋಡುತ್ತಾ ನೋಡುತ್ತಾ ಹೇಗೆ ಎಂದು ಯಾರೂ ಕೇಳಿಲ್ಲ. ನಾನು ಚಿಕ್ಕವಳಿದ್ದಾಗ ಅವಳು ಹೇಳುತ್ತಿದ್ದ ಕಥೆಯಲ್ಲಿ ಪಕ್ಕ ಕೂತಿದ್ದ ಒಬ್ಬ ಹೆಂಗಸು ಇದ್ದಳು, ಅಮ್ಮನ ಮೊಣಕೈ ತಿವಿಯುತ್ತಿದ್ದಳು. ವರ್ಷ ಕಳೆದ ಹಾಗೆ ಆ ಹೆಂಗಸು ಮೊದಲು ತಿವಿಯುವುದನ್ನು ಬಿಟ್ಟಳು. ಆಮೇಲೆ ಶಾಮಿಯಾನದಿಂದಲೇ ಎದ್ದುಹೋದಳು. ಅಥವಾ ಅವಳನ್ನು ನಾನೇ ಮಧ್ಯದಲ್ಲೆಲ್ಲೋ ತಂದು ಕೂರಿಸಿಕೊಂಡಿರಬಹುದು.

ಅಲ್ಲಿಂದ ನಮ್ಮ ಭಾನುವಾರ ಎರಡಾಯಿತು. ಅಪ್ಪ ಹಳೆಯ ಚರ್ಚಿಗೆ. ಅಮ್ಮ ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮಹಡಿಯ ಮೇಲೆ ಸೇರುವ ಸಣ್ಣ ಸಭೆಗೆ. ಅಲ್ಲಿ ಯಾರನ್ನು ಕೇಳಿದರೂ ರಕ್ಷಣೆ ಹೊಂದಿದ ದಿನ, ಜಾಗ, ಹೊತ್ತು ಹೇಳುತ್ತಾರೆ. ಹೇಳಲಾಗದವನಿಗೆ ಅದು ಆಗಿಲ್ಲ ಎಂದೇ ಅರ್ಥ. ಅಪ್ಪನಿಗೆ ಹೇಳಲು ಆಗುತ್ತಿರಲಿಲ್ಲ.

"ಹಾಲು ಯಾವಾಗ ಮೊಸರಾಯ್ತು ಅಂತ ನೀನು ಹೇಳು, ಆಮೇಲೆ ನಾನು ಹೇಳ್ತೀನಿ," ಎನ್ನುತ್ತಿದ್ದ ಅನ್ನ ಕಲೆಸುತ್ತಾ.

"ಹೆಪ್ಪು ಹಾಕಿದ್ದು ಯಾವಾಗ ಅಂತ ಹಾಕಿದೋಳಿಗೆ ಗೊತ್ತಿರುತ್ತೆ ಕಣ್ರೀ."

"ಸರಿ ಮತ್ತೆ. ಹಾಕಿದೋರಿಗೆ ಗೊತ್ತಿದ್ರೆ ಸಾಕಲ್ಲ. ಹಾಲಿಗೇನು ಕೇಳ್ತೀಯ?"

"ಹೆಪ್ಪೇ ಬೀಳದೆ ಇಟ್ಟಿದ್ರೆ ಹಾಲು ಮೊಸರಾಗಲ್ಲ, ಒಡ್ದೋಗುತ್ತೆ. ಎರಡೂ ಗಟ್ಟಿಯಾಗೇ ಕಾಣುತ್ತೆ. ಮೂಸಿದ್ರೇನೇ ತಿಳಿಯೋದು."

"ಹಾಗಾದ್ರೆ ಇಷ್ಟು ವರ್ಷ ಮೂಸಿದೀಯಲ್ಲೇ. ಏನನ್ಸುತ್ತೆ?"

ಅಮ್ಮ ನಗುತ್ತಿದ್ದಳು. ಆ ನಗುವಿನ ಬಗ್ಗೆ ನನಗೆ ಅನುಮಾನವಿಲ್ಲ. ಜಗಳ ಊಟದ ಜೊತೆ ಬಂದು ಊಟದ ಜೊತೆ ಮುಗಿಯುತ್ತಿತ್ತು, ಯಾಕೆಂದರೆ ಟೈಮಿತ್ತು. ಅಪ್ಪ ಇನ್ನೂ ಒಂದಲ್ಲ ಒಂದು ದಿನ ಕೈ ಎತ್ತಬಹುದಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಾ ಬಚ್ಚಲಲ್ಲಿ ಬಿದ್ದ. ಬಲಭಾಗ ಹೋಯಿತು, ಮಾತು ಪೂರ್ತಿ ಹೋಯಿತು. ಒಂದು ನಿಮಿಷದ ಹಿಂದೆ ಪೇಸ್ಟ್ ಖಾಲಿ ಎಂದು ಕೂಗಿದ್ದವನು. ಡಾಕ್ಟರು ಸ್ಕ್ಯಾನ್ ತೋರಿಸಿ, ಇದು ಇವತ್ತಿನದಲ್ಲ, ರಕ್ತನಾಳ ವರ್ಷಗಳಿಂದ ಕಿರಿದಾಗುತ್ತಾ ಬಂದಿದೆ ಎಂದರು. ನನಗೆ ಆ ಹೊತ್ತಿನಲ್ಲೂ ಅಪ್ಪ ಅಮ್ಮನ ಜಗಳವೇ ನೆನಪಾಯಿತು. ಬಿದ್ದದ್ದು ಹಠಾತ್ತಾಗಿ. ಬೀಳುತ್ತಾ ಇದ್ದದ್ದು ಎಷ್ಟೋ ಕಾಲದಿಂದ. ಕೆಟ್ಟದ್ದು ಹೀಗೆ ಎರಡೂ ಥರ ಬರಬಹುದೆಂದು ಅಮ್ಮ ಒಪ್ಪಿದಳು. ಒಳ್ಳೆಯದರ ವಿಷಯಕ್ಕೆ ಒಪ್ಪಲಿಲ್ಲ.

"ಇನ್ನೊಂದು ಸಲ ಆದ್ರೆ ಕಷ್ಟ," ಎಂದಿದ್ದರು ಡಾಕ್ಟರು. "ಅವರಿಗೆ ಎಷ್ಟು ಅರ್ಥವಾಗ್ತಿದೆ ಅಂತಾನೂ ಖಚಿತವಾಗಿ ಹೇಳೋಕಾಗಲ್ಲ."

ಅಮ್ಮ ಈ ಎರಡು ಮಾತನ್ನೂ ಮನೆಗೆ ತಂದಳು. ನಾನೂ ನನ್ನ ರೂಮು ಖಾಲಿ ಮಾಡಿ ಮನೆಗೆ ಬಂದೆ. ನಡುಮನೆಯಲ್ಲಿ ಮಂಚ, ಅದರ ಮೇಲೆ ಗಾಳಿ ತುಂಬಿದ ಹಾಸಿಗೆ, ಪೌಡರಿನ ವಾಸನೆ, ಚಮಚದಲ್ಲಿ ರಾಗಿ ಗಂಜಿ. ದೀಪ ಹಚ್ಚುವ ಹೊತ್ತಿಗೆ ಅಮ್ಮ ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂರುತ್ತಿದ್ದಳು. ಶಾಮಿಯಾನದಡಿ ಸಾವಿರಾರು ಜನಕ್ಕೆ ಹೇಳುವುದನ್ನು ಒಬ್ಬನಿಗೇ ಹೇಳುತ್ತಿದ್ದಳು.

"ರೀ, ಕಣ್ಣು ಮುಚ್ಕೊಳ್ಳಿ. ನಾನೂ ಮುಚ್ತೀನಿ. ಯಾರೂ ನೋಡಲ್ಲ. ಒಪ್ಕೊಂಡ್ರೆ ಕೈ ಎತ್ತಿ. ಪೂರ್ತಿ ಬೇಡ. ಒಂದು ಬೆರಳು ಸಾಕು."

ಎಡಗೈ ಚೆನ್ನಾಗಿಯೇ ಆಡುತ್ತಿತ್ತು. ಅದರಲ್ಲಿ ಲೋಟ ಹಿಡಿಯುತ್ತಿದ್ದ, ಸೊಳ್ಳೆ ಓಡಿಸುತ್ತಿದ್ದ, ಗಂಜಿ ಸಾಕಾದರೆ ಚಮಚ ತಳ್ಳುತ್ತಿದ್ದ. ಆ ಪ್ರಶ್ನೆಗೆ ಮಾತ್ರ ಎಡಗೈ ಒಂದು ದಿನವೂ ಏಳಲಿಲ್ಲ. ಪ್ರಶ್ನೆ ತಿಳಿಯಲಿಲ್ಲವೋ, ತಿಳಿದೇ ಎತ್ತಲಿಲ್ಲವೋ. ಎತ್ತಿದರೆ ಅಲ್ಲಿಯವರೆಗಿನ ಬೆಂಚು, ಕೀರ್ತನೆ, ಭಾನುವಾರಗಳೆಲ್ಲ ಸುಳ್ಳು ಎಂದು ಒಪ್ಪಿದ ಹಾಗೆ. ಹೀಗೆ ಯೋಚಿಸುವುದು ನಾನೇ ಹೊರತು ಅಪ್ಪನೆಂದು ಹೇಳಲಾರೆ. ಅವನು ಕಣ್ಣು ಮುಚ್ಚುತ್ತಲೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡ ಅಮ್ಮನ ಮುಖವನ್ನೇ ನೋಡುತ್ತಿರುತ್ತಿದ್ದ.

ಹಳೆಯ ಚರ್ಚಿನ ಪಾದ್ರಿ ಅಯ್ಯನವರು ಬಂದು ಮನೆಯಲ್ಲೇ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನ ಕೊಟ್ಟರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಎಳೇ ಕೂಸಿನಿಂದ ದೇವರ ಕೈಯಲ್ಲಿರೋ ಮನುಷ್ಯ. ನೀವು ಹೆದರಬೇಡಿಮ್ಮ," ಎಂದರು.

ಅಮ್ಮ ಬಾಗಿಲು ಹಾಕಿ ಅಲ್ಲೇ ಒರಗಿ ನಿಂತಳು. "ನಮ್ಮಪ್ಪ ಅಮ್ಮ ಅಲ್ಲಿರಲ್ಲ. ಅದು ನಂಗೆ ಗೊತ್ತಿರೋದೇ. ಇವರೂ ಇರಲ್ಲ ಅಂದ್ರೆ ಅಲ್ಲಿ ನಾನೊಬ್ಬಳೇ ಏನ್ ಮಾಡ್ಲಿ?"

ಸ್ವರ್ಗದ ಬಗ್ಗೆ ಅಷ್ಟು ಹೆದರಿದವರನ್ನು ನಾನು ಬೇರೆ ಕಂಡಿಲ್ಲ. ಅವಳು ಸರಿಯಾಗಿ ತಿನ್ನುತ್ತಿರಲಿಲ್ಲ. ಅಪ್ಪ ಕೆಮ್ಮಿದರೆ ಅಡುಗೆಮನೆಯಿಂದ ಓಡಿಬರುತ್ತಿದ್ದಳು, ಕೆಮ್ಮಿಗೆ ಹೆದರಿ ಅಲ್ಲ, ಕೆಮ್ಮಿನ ಹಿಂದೆ ಒಂದು ಒಪ್ಪಿಗೆ ಸಿಕ್ಕಿಹಾಕಿಕೊಂಡಿದೆಯೇನೋ ಎಂದು. ಒಂದು ಸಲ ಅವನ ಹೆಗಲು ಹಿಡಿದು ಅಲ್ಲಾಡಿಸಿದ್ದನ್ನೂ ನೋಡಿದ್ದೇನೆ. ಆಮೇಲೆ ಅದೇ ಹೆಗಲಿಗೆ ಎಣ್ಣೆ ತಿಕ್ಕಿದಳು.

ಹಾಗಿರುವಾಗ ಆ ಸಂಜೆ ಬಂತು. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ನಾನು ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವವಳಲ್ಲ, ಬಾಗಿಲ ಹತ್ತಿರ ನಿಂತಿದ್ದೆ. ಕೈ ಎದ್ದಿತು. ಎಡಗೈ ಅಲ್ಲ, ಏಳಲಾರದ ಬಲಗೈ. ಅಮ್ಮ ಕಣ್ಣು ತೆರೆದಳು. ಕೂಗಲಿಲ್ಲ. "ಬಂತು," ಎಂದಳು, ಬಸ್ಸು ಬಂದ ಹಾಗೆ. ಇಳಿಯುತ್ತಿದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪನ ಕಣ್ಣಿನಿಂದ ನೀರು ಬಂತು. ಸ್ಟ್ರೋಕ್ ಆದವರಿಗೆ ಕಣ್ಣೀರು ಸುಮ್ಮಸುಮ್ಮನೆ ಬರುತ್ತದೆ, ಅದಕ್ಕೆ ಅರ್ಥ ಹಚ್ಚಬೇಡಿ ಎಂದೂ ಡಾಕ್ಟರು ಹೇಳಿದ್ದರು.

"ನನ್ ಥರಾನೇ ಕಣೇ," ಎಂದಳು ನನ್ನ ಕಡೆ ತಿರುಗಿ. "ತಾನಾಗೇ."

ಮಾರನೆಯ ಬೆಳಿಗ್ಗೆ ಅವಳು ಬಟ್ಟೆ ಒಗೆಯುತ್ತಿದ್ದಾಗ ನಾನು ಅಪ್ಪನಿಗೆ ಕಾಫಿ ಕುಡಿಸುತ್ತಿದ್ದೆ. ಅವನು ಬಾಯಿ ಅಗಲಿಸಿ ದೊಡ್ಡದಾಗಿ ಆಕಳಿಸಿದ. ಬಲಗೈ ಎದ್ದಿತು. ಅದೇ ದಾರಿ, ಅದೇ ಎತ್ತರ. ಹಿಂದಿನ ಸಂಜೆ ನಾನು ಕೈಯನ್ನಷ್ಟೇ ನೋಡಿದ್ದೆ, ಬಾಯಿ ನೋಡಿರಲಿಲ್ಲ. ಬಾಯಿ ಮುಚ್ಚಿತು, ಕೈ ಇಳಿಯಿತು. ನಾನು ಮೆಟ್ಟಿಲಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ.

"ಹೌದು, ಕೆಲವರಿಗೆ ಹಾಗಾಗುತ್ತೆ. ಆಕಳಿಕೆ ಜೊತೆ ಬಿದ್ದ ಕೈ ಏಳುತ್ತೆ. ಅವರ ಇಷ್ಟದಿಂದ ಆಗೋದಲ್ಲ ಅದು. ಚೇತರಿಕೆ ಅಂತ ಆಸೆ ಇಟ್ಕೋಬೇಡಿ."

ಒಳಗೆ ಬಂದಾಗ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಪ್ಪನ ಎದುರು ನಿಂತಿದ್ದಳು. "ಇಷ್ಟು ವರ್ಷ ಸತಾಯ್ಸಿದ್ರಲ್ಲ," ಎನ್ನುತ್ತಿದ್ದಳು. "ಮೊದ್ಲೇ ಎತ್ತಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಹಿಂದಿನ ರಾತ್ರಿ ನಿದ್ದೆ ಮಾಡಿದ್ದಳು. ನಾನು ಹೇಳಲಿಲ್ಲ.

ಆ ವಾರ ನನಗೆ ಹೊಸ ಕೆಲಸ ಸಿಕ್ಕಿತು. ಅಪ್ಪನ ಬಲಪಕ್ಕದಲ್ಲಿ ಕೂರುವುದು. ಅವನ ಮೂಗಿನ ಹೊಳ್ಳೆ ಅಗಲವಾಗಿ ದವಡೆ ಇಳಿಯಲು ಶುರುವಾದರೆ ನಾನು ಹೊದಿಕೆಯ ಕೆಳಗೆ ಕೈ ತೂರಿಸಿ ಆ ಕೈಯನ್ನು ಒತ್ತಿಹಿಡಿಯುತ್ತಿದ್ದೆ, ಅಮ್ಮ ನೋಡದಿರಲಿ ಎಂದು. ಅದು ನನ್ನ ಅಂಗೈಯಡಿ ಮೇಲಕ್ಕೆ ನೂಕುತ್ತಿತ್ತು. ಅಷ್ಟು ಬಲ ಅದಕ್ಕೆ ಎಲ್ಲಿಂದ ಬರುತ್ತಿತ್ತೋ ತಿಳಿಯದು. ಅಪ್ಪ ಆಕಳಿಕೆ ಮುಗಿಸಿ ನನ್ನನ್ನು ನೋಡುತ್ತಿದ್ದ.

ಶನಿವಾರ ಮಧ್ಯಾಹ್ನ ಅಮ್ಮನ ಸಭೆಯ ಹಿರಿಯರು ಬಂದರು. ಸಭೆಯಲ್ಲಿ ಎಲ್ಲರೂ ಅವರನ್ನು ಬ್ರದರ್ ಎನ್ನುತ್ತಾರೆ. ಒಳ್ಳೆಯ ಮನುಷ್ಯ, ಬರುವಾಗ ಮೂಸಂಬಿ ತಂದಿದ್ದರು. ಭಾನುವಾರ ಸಭೆಗೆ ತಿಳಿಸುವ ಮುಂಚೆ ತಾವೊಮ್ಮೆ ನೋಡಬೇಕೆಂದು ಬಂದಿದ್ದರು. ನನ್ನ ಕುರ್ಚಿಯಲ್ಲಿ, ಅಪ್ಪನ ಬಲಪಕ್ಕದಲ್ಲಿ, ಕೂತರು. ನಾನು ಬಾಗಿಲಿಗೆ ಹೋದೆ.

"ಅಣ್ಣ, ನಿಮಗೆ ಕರ್ತನು ಮಾಡಿದ್ದನ್ನ ಸಿಸ್ಟರ್ ಹೇಳಿದ್ರು," ಎಂದರು ಅಪ್ಪನಿಗೆ. "ನಾವೆಲ್ಲ ಕಣ್ಣು ಮುಚ್ಚೋಣ. ಅದು ನಿಜವಾದ್ರೆ ಇನ್ನೊಂದ್ಸಲ ಕೈ ಎತ್ತಿ."

ಅವರ ಪ್ರಾರ್ಥನೆ ಉದ್ದವಾಗಿತ್ತು. ಆದಾಮನಿಂದ ಶುರುವಾಯಿತು. ಹೊರಗೆ ತಳ್ಳುಗಾಡಿಯವನು ಸೊಪ್ಪು ಕೂಗಿಕೊಂಡು ಹೋದ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ನಾನು ಅಮ್ಮನನ್ನು ನೋಡಿದೆ. ಅವಳ ಕಣ್ಣು ತೆರೆದಿತ್ತು. ಹೋದ ಸಲ ಕೈ ಏಳುವುದನ್ನು ಅವಳು ನೋಡಿರಲಿಲ್ಲ, ಎದ್ದ ಮೇಲೆ ನೋಡಿದ್ದಳು. ಈ ಸಲ ಮೊದಲಿನಿಂದ ನೋಡಬೇಕು ಎನ್ನುವ ಆಸೆ. ಅಪ್ಪನ ಮೂಗಿನ ಹೊಳ್ಳೆ ಅಗಲವಾಯಿತು. ನಾನು ಎರಡು ಹೆಜ್ಜೆ ಮುಂದಿಟ್ಟೆ, ಮಧ್ಯದಲ್ಲಿ ಬ್ರದರ್ ಕೂತಿದ್ದರು. ಅಪ್ಪ ಆಕಳಿಸಿದ. ಕೈ ಎದ್ದಿತು. ಅದೇ ಹೊತ್ತಿಗೆ ಆಮೆನ್ ಎಂದು ಕಣ್ಣು ತೆರೆದವರು ಅದನ್ನು ಕಂಡರು. ಅಷ್ಟರಲ್ಲಿ ಬಾಯಿ ಮುಚ್ಚಿಯಾಗಿತ್ತು.

"ಸ್ತೋತ್ರ," ಎಂದರು. "ನಾನೂ ನೋಡ್ದೆ ಸಿಸ್ಟರ್. ನಾಳೆ ಸಭೇಲಿ ಹೇಳ್ತೀನಿ. ಈ ಸ್ಥಿತೀಲಿ ನೀರಿಗಿಳಿಸೋಕಾಗಲ್ಲ, ಪರವಾಗಿಲ್ಲ. ಯೇಸುವಿನ ಪಕ್ಕದ ಶಿಲುಬೇಲಿದ್ದ ಕಳ್ಳನಿಗೂ ದೀಕ್ಷಾಸ್ನಾನ ಆಗಿರಲಿಲ್ಲ, ಆದ್ರೂ ಸ್ವರ್ಗ ಸಿಕ್ತು."

"ಆ ಕಳ್ಳ ಮಾತಾಡಿದ್ದ, ಬ್ರದರ್," ಎಂದಳು ಅಮ್ಮ.

"ಮಾತಿಗಿಂತ ದೊಡ್ಡದಲ್ವಾ ಇದು?"

"ಇವರು ಆಕಳಿಸಿದ್ರು."

ಬ್ರದರ್‌ಗೆ ಅರ್ಥವಾಗಲಿಲ್ಲ. ಅಮ್ಮ ತನ್ನ ಬಾಯಿ ತೆರೆದು, ಕೈ ಎತ್ತಿ, ಮಾಡಿ ತೋರಿಸಿದಳು. ಅದನ್ನು ನೋಡುವುದು ಕಷ್ಟವಾಯಿತು.

"ಸೈತಾನ ಇಂಥ ಹೊತ್ತಲ್ಲೇ ಅನುಮಾನ ಬಿತ್ತೋದು, ಸಿಸ್ಟರ್. ನೀವು ಹಿಡ್ಕೊಂಡಿರಿ."

ಅಮ್ಮ ಸ್ಟೂಲಿನಿಂದ ಎದ್ದಳು. "ನಮ್ಮಪ್ಪ ತರಕಾರಿ ಮಾರ್ತಿದ್ರು. ಮೇಲೆ ಒಳ್ಳೇದು ಜೋಡಿಸಿ ಕೆಳಗೆ ಕೊಳೆತದ್ದು ತುಂಬಿದ್ದನ್ನ ನಾನು ನೋಡಿಲ್ಲ. ನಾಳೆ ಸಭೇಲಿ ಹೇಳಬೇಡಿ. ಕಾಫಿ ತರ್ತೀನಿ, ಕೂತ್ಕೊಳ್ಳಿ."

ಬ್ರದರ್ ಕಾಫಿ ಕುಡಿದು ಹೋದರು. ನಾನು ಅಡುಗೆಮನೆಗೆ ಹೋದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

"ನಿಂಗೆ ಗೊತ್ತಿತ್ತಾ?"

"ಹೂಂ."

"ಯಾವತ್ತಿಂದ?"

"ಮಾರನೇ ದಿನದಿಂದ."

ಅವಳು ಕಾಯಿ ಮುರಿದಳು. "ನಾನು ನಿದ್ದೆ ಮಾಡ್ತಿದ್ದೆ ಅಂತಾನಾ ಹೇಳ್ಲಿಲ್ಲ?"

ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಸುಮಾರು ಹೊತ್ತು ಕಾಯಿ ಮುರಿದು, ಕೊನೆಗೆ ತಲೆ ಎತ್ತದೆ ಕೇಳಿದಳು.

"ಬಿನ್ನಿಪೇಟೇಲಿ ನೀನು ನನ್ನ ಪಕ್ಕದಲ್ಲೇ ಇದ್ದೆ. ಆ ಕಡೆ ಒಬ್ಬಳು ಹೆಂಗಸಿದ್ಲು ಅಲ್ವಾ?"

ಆ ಹೆಂಗಸು ವಾಪಸ್ ಬಂದಿದ್ದಳು.

"ಇದ್ಲು ಅನ್ಸುತ್ತೆ."

"ಅವಳು ನನ್ನ ಕೈ ಎತ್ತಿದ್ಲಾ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಶಾಮಿಯಾನ ಕಂಡಿತು, ಟ್ಯೂಬ್‌ಲೈಟಿನ ಸುತ್ತ ಹುಳು ಕಂಡವು, ಅಮ್ಮನ ಬಳೆ ಕಂಡವು. ಎಲ್ಲವೂ ಅವಳು ಹೇಳಿ ಹೇಳಿ ನನ್ನಲ್ಲಿ ತುಂಬಿದ್ದವು. ಒಂದನ್ನೂ ಎತ್ತಿ, ಇದು ನಾನೇ ಕಂಡದ್ದು ಎಂದು ಅವಳ ಕೈಗೆ ಕೊಡಲು ಆಗಲಿಲ್ಲ. ಬರೆಯುವವಳಾಗಿ ನಾನು ಇಷ್ಟು ಕಾಲ ನೆನಪನ್ನು ನಂಬಬೇಡಿ ಎಂದು ಹೇಳಿಕೊಂಡು ಬಂದಿದ್ದೆ, ಅದೊಂದು ಜಾಣತನ ಎನ್ನುವ ಹಾಗೆ. ಅಡುಗೆಮನೆಯಲ್ಲಿ ನನ್ನ ತಾಯಿ ಒಂದೇ ಒಂದು ನೆನಪು ಕೇಳುತ್ತಿದ್ದಳು, ನನ್ನ ಹತ್ತಿರ ಇರಲಿಲ್ಲ.

"ಗೊತ್ತಿಲ್ಲಮ್ಮ. ನಾನು ಕಣ್ಣು ಮುಚ್ಚಿದ್ದೆ."

"ಅವತ್ತು ಮುಚ್ಚಿದ್ಯಾ," ಎಂದಳು. "ಅವತ್ತೊಂದು ದಿನ ಕಣ್ಣು ಬಿಟ್ಟಿದ್ರೆ ಆಗ್ತಿತ್ತು."

ಆಮೇಲೆ ಅವಳು ಎರಡು ಭಾನುವಾರ ಮಹಡಿ ಸಭೆಗೆ ಹೋಗಲಿಲ್ಲ. ಹಳೆಯ ಚರ್ಚಿಗೂ ಹೋಗಲಿಲ್ಲ. ಮೂರನೆಯ ವಾರ ಹೋದಳು. ಸಾಕ್ಷಿ ಹೇಳಲು ಕರೆದರೆ ಮಂಡಿನೋವು ಎಂದು ಕೂತೇ ಇದ್ದಳಂತೆ. ಅಪ್ಪ ಇದ್ದಾನೆ. ಬೆನ್ನ ಮೇಲೆ ಒಂದು ಹುಣ್ಣಾಗಿದೆ, ಎಡಗೈ ಮೊದಲಿನಷ್ಟು ಆಡುವುದಿಲ್ಲ. ಮೊನ್ನೆ ಮೊಸರನ್ನ ಕಲೆಸುತ್ತಾ ನಾನು ಹಳೆಯ ಜಗಳ ಎತ್ತಲು ನೋಡಿದೆ, ಯಾರಾದರೂ ನಗಲಿ ಎಂದು. ಅಪ್ಪ ಬಟ್ಟಲು ನೋಡಿದ. ಅಮ್ಮ, "ಉಪ್ಪು ಹಾಕಿದ್ಯಾ?" ಎಂದಳಷ್ಟೇ.

ಸಂಜೆಯ ಪ್ರಾರ್ಥನೆ ನಿಂತಿಲ್ಲ. ಸ್ಟೂಲು ಮಂಚಕ್ಕೆ ಇನ್ನಷ್ಟು ಹತ್ತಿರ ಬಂದಿದೆ. ಅಮ್ಮ ಈಗ ಕಣ್ಣು ಮುಚ್ಚುವುದಿಲ್ಲ. ಅಪ್ಪನಿಗೂ ಮುಚ್ಚಿ ಎನ್ನುವುದಿಲ್ಲ. ಅದೇ ಮಾತು ಕೇಳುತ್ತಾಳೆ, ಕೇಳಿ ಒಮ್ಮೆ ಅವನ ಬಾಯಿ ನೋಡುತ್ತಾಳೆ, ಒಮ್ಮೆ ಕೈ ನೋಡುತ್ತಾಳೆ. ಬಾಯಿ ತೆರೆಯದೆ ಕೈ ಒಂದು ಸಲ ಎದ್ದರೆ ಸಾಕು ಅವಳಿಗೆ, ಅವನ ರಕ್ಷಣೆಯೂ ಉಳಿಯುತ್ತದೆ, ಅವಳದೂ ಉಳಿಯುತ್ತದೆ. ಅವನು ಆಕಳಿಸುತ್ತಾನೆ. ಕೈ ಏಳುತ್ತದೆ. ಅವಳು ಅದನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿ, ಹೊದಿಕೆ ಸರಿಮಾಡಿ, "ಇದಲ್ಲ ಕಣ್ರೀ," ಎಂದು ಮತ್ತೆ ಮೊದಲಿನಿಂದ ಕೇಳಲು ಶುರುಮಾಡುತ್ತಾಳೆ.